ಫ್ಲಾಪ್ ಹಾಕಿದರೆ ಸ್ಟಾಲ್ ಆಗಲ್ವಾ? ಒಂದು ಸ್ಪಷ್ಟನೆ

ಆರ್‌ಸಿ ವಾರ್‌ಬರ್ಡ್ (ರಿಮೋಟ್‌ನಿಂದ ನಡೆಸುವ, ಹಳೆಯ ಯುದ್ಧವಿಮಾನಗಳ ಮಾಡೆಲ್) ಹಾರಿಸುವವರ ನಡುವೆ ಒಂದು ಮಾತು ಓಡಾಡುತ್ತಿದೆ: "ಫ್ಲಾಪ್ ಇಲ್ಲದೆ ಇಳಿಸಲೇಬೇಡಿ, ಪೂರ್ತಿ ಫ್ಲಾಪ್ ಹಾಕಿದರೆ ಸ್ಟಾಲ್ ಆಗುವುದೇ ಇಲ್ಲ." ಮೊದಲ ಮಾತು ಅರ್ಧ ಸರಿ. ಎರಡನೆಯದು ಪೂರ್ತಿ ತಪ್ಪು. (ಫ್ಲಾಪ್ ಎಂದರೆ ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗುವ ಪಟ್ಟಿ; ಸ್ಟಾಲ್ ಎಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವ ಶಕ್ತಿ ಕಳೆದುಕೊಳ್ಳುವುದು.)

ಫ್ಲಾಪ್‌ನಿಂದ ಸ್ಟಾಲ್ ಆಗುವ ವೇಗ ಕಡಿಮೆಯಾಗುತ್ತದೆ, ಅಷ್ಟೇ. ಜೊತೆಗೆ ಗಾಳಿಯ ತಡೆಯೂ ಜಾಸ್ತಿಯಾಗುತ್ತದೆ. ಪೂರ್ತಿ ಫ್ಲಾಪ್ ಇಳಿಸಿ ಥ್ರಾಟಲ್ (ಮೋಟಾರಿನ ಶಕ್ತಿ) ಸೊನ್ನೆಗೆ ತಂದರೆ ವೇಗ ನೋಡನೋಡುತ್ತಲೇ ಕರಗುತ್ತದೆ. ಆಮೇಲೆ ಒಂದು ರೆಕ್ಕೆ ದಪ್ಪನೆ ಬೀಳುತ್ತದೆ. ಚಕ್ರ ನೆಲಕ್ಕೆ ಹತ್ತಿರವಾಗುವವರೆಗೂ ಸ್ವಲ್ಪ ಥ್ರಾಟಲ್ ಇರಲಿ.

"ನಿಜವಾದ ವಿಮಾನದಲ್ಲಿತ್ತು, ಮಾಡೆಲ್‌ಗೂ ಬೇಕು" ಎನ್ನುವವರೂ ಇದ್ದಾರೆ. ಆದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಫ್ಲಾಪ್‌ಗೆ ಇದ್ದದ್ದು ಎರಡೇ ಸ್ಥಾನ: ಪೂರ್ತಿ ಮೇಲೆ, ಇಲ್ಲವೇ ಪೂರ್ತಿ ಕೆಳಗೆ. ಅದು ಇಳಿಯುವುದಕ್ಕೆ ಮಾತ್ರ. 1942ರಲ್ಲಿ ಮಾಲ್ಟಾ ದ್ವೀಪಕ್ಕೆ ಹೊರಟ ಸ್ಪಿಟ್‌ಫೈರ್‌ಗಳು ವಿಮಾನವಾಹಕ ಹಡಗಿನ ಮೇಲಿಂದ ಏರಲು ಸ್ವಲ್ಪವೇ ಫ್ಲಾಪ್ ಬೇಕಾದಾಗ, ಫ್ಲಾಪ್ ಸಂದಿಗೆ ಮರದ ತುಂಡು ಸಿಕ್ಕಿಸಿ ಅರ್ಧಂಬರ್ಧ ಇಳಿಸಿದ್ದರು! ಮೇಲೇರಿದ ಪೈಲಟ್ ಫ್ಲಾಪ್ ಪೂರ್ತಿ ತೆರೆದರೆ ತುಂಡು ಉದುರಿ ಸಮುದ್ರಕ್ಕೆ. ಅಮೆರಿಕದ ಯುದ್ಧವಿಮಾನ ಮಸ್ಟಾಂಗ್ ಬೇರೆ ಜಾತಿ. ಅದರಲ್ಲಿ 10 ಡಿಗ್ರಿಯ ಹೆಜ್ಜೆಯಲ್ಲಿ 50ರವರೆಗೆ ಇಳಿಸಬಹುದಿತ್ತು.

ನಿಜವಾದ ವಿಮಾನಗಳಲ್ಲೇ ಹೀಗೆ ಒಂದೊಂದಕ್ಕೆ ಒಂದೊಂದು ರೀತಿ. ಹಾಗಾಗಿ ಮಾಡೆಲ್‌ನಲ್ಲಿ ನೋಡಬೇಕಾದ್ದು ತೂಕ ಮತ್ತು ಮೈದಾನ. ಹಗುರವಾದ ಫೋಮ್ ಮಾಡೆಲ್‌ಗೆ ಉದ್ದದ ರನ್‌ವೇ ಇದ್ದರೆ ಫ್ಲಾಪ್ ಇಲ್ಲದೆಯೂ ನಡೆಯುತ್ತದೆ. ಭಾರದ ಮಾಡೆಲ್, ಅಂಚಿನಲ್ಲಿ ಮರಗಳಿರುವ ಚಿಕ್ಕ ಮೈದಾನ ಅಂದರೆ ಖಂಡಿತ ಹಾಕಿಸಿ. ಮೊದಲ ಸಲ ಮಾತ್ರ ಸಾಕಷ್ಟು ಎತ್ತರದಲ್ಲಿ ಹಾರುತ್ತಿರುವಾಗ ಫ್ಲಾಪ್ ಇಳಿಸಿ ನೋಡಿ. ಮೂತಿ ಮೇಲೆದ್ದರೆ ಟ್ರಾನ್ಸ್‌ಮಿಟರ್‌ನಲ್ಲಿ ಸ್ವಲ್ಪ ಡೌನ್ ಎಲಿವೇಟರ್ ಮಿಕ್ಸ್ ಮಾಡಿ, ಅಂದರೆ ಫ್ಲಾಪ್ ಇಳಿದಾಗ ಬಾಲದ ಪಟ್ಟಿಯೂ ತಾನಾಗಿ ಸ್ವಲ್ಪ ಬಾಗಿ ಮೂತಿಯನ್ನು ಕೆಳಗೆ ತರುವಂತೆ ಮಾಡಿ.