ಇಲ್ಲದ 12 ಗುಂಟೆ

ನಿನ್ನೆ ಒಂದು ಪಹಣಿ, ಅಂದರೆ ಜಮೀನು ಯಾರದು, ಎಷ್ಟು ಅಂತ ಹೇಳುವ ಕಂದಾಯ ದಾಖಲೆ, ಕಣ್ಣಿಗೆ ಬಿತ್ತು. ಕಂಪ್ಯೂಟರ್ ಪ್ರಿಂಟು, ಡಿಜಿಟಲ್ ಸಹಿ, ಎಲ್ಲ ಫಳಫಳ. ಕಾಲಂ 3ರಲ್ಲಿ ಒಟ್ಟು ವಿಸ್ತೀರ್ಣ 4 ಎಕರೆ 10 ಗುಂಟೆ. ಕಾಲಂ 9ರಲ್ಲಿ ಐದು ಜನ ಖಾತೆದಾರರು, ಎಕರೆ-ಗುಂಟೆ ಲೆಕ್ಕದಲ್ಲಿ: 1-04, 1-04, 0-37, 0-37, 0-20. ಕೂಡಿದರೆ 4 ಎಕರೆ 22 ಗುಂಟೆ! ನೆಲದಲ್ಲಿಲ್ಲದ 12 ಗುಂಟೆ ಕಾಗದದಲ್ಲಿ ಆರಾಮಾಗಿ ಕೂತಿದೆ. ಚದರಡಿ ಲೆಕ್ಕದಲ್ಲಿ 13,068. ಮೂವತ್ತು-ನಲವತ್ತರ ಹತ್ತು ಸೈಟು ಹೊಡೆಯಬಹುದು, ಕೊಳ್ಳೋನೊಬ್ಬ ಸಿಕ್ಕರೆ. ಸಿಗ್ತಾನೆ ಬಿಡಿ.

ಇದರ ಮೂಲ ಒಂದೇ, ಪೋಡಿ ಆಗಿಲ್ಲ; ಅಂದರೆ ಒಬ್ಬೊಬ್ಬರ ಪಾಲನ್ನು ಅಳೆದು ಬೇರೆ ಮಾಡಿಲ್ಲ. ಅಣ್ಣತಮ್ಮಂದಿರು ಬಾಯಿಮಾತಲ್ಲಿ ಭಾಗ ಮಾಡಿಕೊಂಡರು. ಹಳ್ಳ, ದಾರಿ ಅಂತ ಬಿಟ್ಟಿದ್ದ ಖರಾಬನ್ನು ಕಳೆಯದೆ ಪೂರ್ತಿ ವಿಸ್ತೀರ್ಣಕ್ಕೆ ಕ್ರಯ ಬರೆಸಿದರು. ಕ್ರಯಪತ್ರದ ಅಂಕಿಯೇ ಮ್ಯುಟೇಶನ್ನಿಗೆ, ಅಂದರೆ ಖಾತೆ ಬದಲಾವಣೆಗೆ, ಏರಿತು. ಸರಪಳಿ ಹಿಡಿದು ಅಳೆದವರು ಯಾರೂ ಇಲ್ಲ. ಆಮೇಲೆ ಭೂಮಿ ಯೋಜನೆ ಬಂತು, ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಶಾನುಭೋಗರ ಕಾಲದಿಂದ ಬಂದ ತಪ್ಪು, ಮುದ್ದಾದ ಅಚ್ಚಕ್ಷರದಲ್ಲಿ ತಪ್ಪಾಗಿಯೇ ಉಳಿಯಿತು.

"ಅಲ್ಲಾ ಸ್ವಾಮಿ, ಗ್ರಾಮ ಲೆಕ್ಕಿಗರ ಚೀಲದಲ್ಲಿದ್ದ ಪಹಣಿ 15 ರೂಪಾಯಿಗೆ ಕೈಗೆ ಬಂತಲ್ಲ, ಅದು ಸಾಧನೆ ಅಲ್ವಾ?" ಅಂತೀರಿ. ಹೌದು, ಅಲ್ಲ ಅಂದವರ್ಯಾರು? ನಾನೂ ಹಾಡಿ ಹೊಗಳಿದವನೇ. ಆದರೆ ನಕಲು ಬೇಗ ಸಿಕ್ಕಿತು ಅಂತ ಅಸಲು ಸರಿಯಾಗುತ್ತಾ?

ಈಗ ಆ 0-20ರವನು ಅದರಲ್ಲಿ 10 ಗುಂಟೆ ಮಾರಬೇಕು ಅನ್ನಿ. ಜಮೀನಿನ ಒಂದು ಭಾಗ ಮಾರಲು, ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಸರ್ವೆ ಇಲಾಖೆಯ ಮೋಜಿಣಿ ತಂತ್ರಾಂಶದಲ್ಲಿ ಅರ್ಜಿ, ಶುಲ್ಕ, ಸರ್ವೆಯರ್ ಬಂದು ಅಳತೆ. ಆತ ಹಳೆಯ ಅಳತೆ ದಾಖಲೆಯಾದ ಮೂಲ ಟಿಪ್ಪಣಿ ತೆಗೀತಾನೆ, ಸರ್ವೆ ಇಲಾಖೆಯ ವಿಸ್ತೀರ್ಣದ ಲೆಕ್ಕವಾದ ಆಕಾರಬಂದಿನ ವಿಸ್ತೀರ್ಣಕ್ಕೂ ಪಹಣಿಗೂ ತಾಳೆ ನೋಡ್ತಾನೆ. ತಾಳೆ ಆಗಲ್ಲ! ಅರ್ಜಿ ವಾಪಸ್. ಮೊದಲು ವಿಸ್ತೀರ್ಣ ತಿದ್ದಿಸಿಕೊಂಡು ಬನ್ನಿ ಅಂತಾರೆ. ತಿದ್ದಬೇಕಾದರೆ ಐವರಲ್ಲಿ ಯಾರೋ ತಮ್ಮ ಗುಂಟೆ ಬಿಟ್ಟುಕೊಡಬೇಕು. ಯಾರು ಬಿಡ್ತಾರೆ? ಒಬ್ಬರು ತೀರಿಹೋಗಿದ್ದು, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿರದಿದ್ದರಂತೂ ಮಕ್ಕಳು, ಮೊಮ್ಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಎಲ್ಲರೂ ಬೇಕು. ಮ್ಯುಟೇಶನ್ ಪ್ರಶ್ನಿಸಿ ಎಸಿ ಕೋರ್ಟು, ಅಲ್ಲಿಂದ ಡಿಸಿ ಕೋರ್ಟು. ಅಷ್ಟರಲ್ಲಿ ಜನ ಸುಲಭದ ದಾರಿ ಹುಡುಕಿಕೊಳ್ತಾರೆ: ನೋಂದಣಿಯಾಗದ ಅಗ್ರಿಮೆಂಟು, ಜೊತೆಗೊಂದು ಜಿಪಿಎ (ಅಧಿಕಾರ ಪತ್ರ). ಗಂಟಿನ ಮೇಲೆ ಇನ್ನೊಂದು ಗಂಟು.

ಇಸಿ (ಋಣಭಾರ ಪ್ರಮಾಣಪತ್ರ) ಕ್ಲಿಯರ್ ಇದೆ ಅಂತ ಎದೆ ತಟ್ಟಿಕೊಳ್ಳೋರಿಗೂ ಒಂದು ಮಾತು. ಇಸಿಯಲ್ಲಿ ಕಾಣೋದು ನೋಂದಣಿಯಾದ ಪತ್ರ ಮಾತ್ರ. ಬಾಯಿಮಾತಿನ ಭಾಗ, ನೋಂದಾಯಿಸದ ಉಯಿಲು ಅದರಲ್ಲಿ ಬರಲ್ಲ. 1908ರ ನೋಂದಣಿ ಕಾಯ್ದೆಯಡಿ ದಾಖಲಾಗೋದು ಪತ್ರ, ಹಕ್ಕಲ್ಲ. ಪಹಣಿಯೂ ಅಷ್ಟೇ: 1964ರ ಭೂಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ, ಬೇರೆ ರುಜುವಾತು ಆಗೋವರೆಗೆ ನಿಜ ಅಂತ ಭಾವಿಸಬೇಕು. ಭಾವಿಸೋದಕ್ಕೇ ಇಷ್ಟೊಂದು ಸ್ಟಾಂಪ್ ಡ್ಯೂಟಿ!

ಆ ತಂತ್ರಾಂಶ, ಈ ತಂತ್ರಾಂಶ ಅಂತ ವರ್ಷಕ್ಕೊಂದು ಉದ್ಘಾಟನೆ ಮಾಡಿ, ಬೇಡ ಅನ್ನಲ್ಲ. ಆದರೆ ಕಾಲಂ 3ಕ್ಕಿಂತ ಕಾಲಂ 9 ದೊಡ್ಡದಿರುವ ಪಹಣಿಗಳನ್ನು ಊರುವಾರು ಪಟ್ಟಿ ಮಾಡೋದು ಕಂಪ್ಯೂಟರಿಗೆ ಎಷ್ಟು ಹೊತ್ತಿನ ಕೆಲಸ? ಆ ಪಟ್ಟಿ ಹಿಡಿದು ಸರ್ವೆಯರನ್ನು ಊರಿಗೆ ಕಳಿಸಿ, ಐವರನ್ನೂ ಒಟ್ಟಿಗೆ ಬದುವಿನ ಮೇಲೆ ನಿಲ್ಲಿಸಿ ಪೋಡಿ ಮಾಡಿ.

ಅಲ್ಲೀವರೆಗೆ, ಅಡ್ವಾನ್ಸ್ ಕೊಡೋ ಮುಂಚೆ ನೀವೇ ಕಾಲಂ 9 ಕೂಡಿ ನೋಡಿ. ಕ್ಯಾಲ್ಕುಲೇಟರಿನಲ್ಲಿ 1.37ಕ್ಕೆ 0.20 ಕೂಡಿ 1.57 ಅನ್ನಬೇಡಿ. ಎಕರೆಗೆ 40 ಗುಂಟೆ. ಅದು 2 ಎಕರೆ 17 ಗುಂಟೆ.