ಸಾರ್ ಇದ್ದಾರಾ?

ಇವತ್ತು ಬೆಳಗ್ಗೆ ಐದೂ ಮುಕ್ಕಾಲಿಗೆ ಬಂದ ಫೋನಿನ ಸಿಟ್ಟು ಇನ್ನೂ ಇಳಿದಿಲ್ಲ. ಎರಡು ಲೋಟ ಕಾಫಿ ಕುಡಿದೆ, ಒಂದು ಬಕೆಟ್ ಬಟ್ಟೆ ಕುಕ್ಕಿ ಕುಕ್ಕಿ ಒಗೆದೆ. ಊಹೂಂ. ಬರೆದರಾದರೂ ಇಳಿಯುತ್ತಾ ನೋಡೋಣ ಅಂತ ಕೂತಿದ್ದೇನೆ. ಫೋನಿನಲ್ಲಿ ಏನಂದರು ಅನ್ನೋದು ಆಮೇಲೆ. ಅದು ಅರ್ಥವಾಗಬೇಕಾದರೆ ಒಂದು ಲೈಟು ಕಂಬದ ಕತೆ ಕೇಳಬೇಕು. ಅದಕ್ಕೂ ಮೊದಲು ನನ್ನ ಗಂಡನ ಕತೆ.

ನಾನು ನಗರಸಭೆ ಸದಸ್ಯೆ. ಊರಲ್ಲಿ ಹಾಗೆ ಯಾರೂ ಅನ್ನಲ್ಲ, ಮೆಂಬರು ಅಂತಾರೆ. ನನ್ನ ಗಂಡ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಚುನಾವಣೆಗೆ ನಿಂತಿದ್ದು ನಾನು. ಮನೆಮನೆ ತಿರುಗಿ ಚಪ್ಪಲಿ ಸವೆಸಿದ್ದು ನಾನು. ಅವರು ಸರ್ಕಾರಿ ನೌಕರ, ಪ್ರಚಾರಕ್ಕೆ ಬರೋ ಹಾಗೇ ಇರಲಿಲ್ಲ. ಬರೋ ಹಾಗಿದ್ದಿದ್ದರೂ ಬರುತ್ತಿರಲಿಲ್ಲ, ಆ ಮಾತು ಬೇರೆ. ಆದರೆ ಈಗ ಫೋನ್ ಎತ್ತಿ ನಾನು ಹಲೋ ಅಂದ ತಕ್ಷಣ ಆ ಕಡೆಯಿಂದ ಬರೋ ಮೊದಲ ಮಾತು, "ಸಾರ್ ಇದ್ದಾರಾ?"

"ನಾನೇ ಮೆಂಬರು, ಹೇಳಿ."

"ಗೊತ್ತು ಮೇಡಂ. ಇದು ಚರಂಡಿ ವಿಷಯ. ಸಾರ್‌ಗೇ ಹೇಳ್ತೀನಿ ಬಿಡಿ."

ಚರಂಡಿ ಗಂಡಸರ ವಿಷಯ ಅಂತ ನನಗೆ ಗೊತ್ತೇ ಇರಲಿಲ್ಲ.

ಸಾರ್‌ಗೆ ನಮ್ಮನೆ ಮೋಟರ್ ಸ್ವಿಚ್ ಯಾವುದು ಅಂತ ಇನ್ನೂ ಗೊತ್ತಿಲ್ಲ. ಒಂದ್ಸಲ ಬಲ್ಬ್ ಹಾಕೋಕೆ ಸ್ಟೂಲ್ ಹತ್ತಿ, ಬಲ್ಬನ್ನ ಮೇಲೇ ಬಿಟ್ಟು ತಾವು ಮಾತ್ರ ಕೆಳಗೆ ಬಂದಿದ್ದರು, ಸ್ಟೂಲಿನ ಸಮೇತ. ಅವರು ಸಾರ್ವಜನಿಕರಿಗೆ ಮಾಡಿರುವ ಸೇವೆ ಒಂದೇ. ಜನ ತಂದುಕೊಟ್ಟ ಅರ್ಜಿಗಳನ್ನ ಓದಿ, ಕೆಂಪು ಪೆನ್ನಲ್ಲಿ ತಪ್ಪು ತಿದ್ದಿ ಇಡುತ್ತಾರೆ. ಕೆಟ್ಟ ಅಭ್ಯಾಸ, ಕೈ ತಡೆಯಲ್ಲ ಅಂತಾರೆ. 'ಚರಂಡಿ ಸ್ವಚ್ಚತೆ' ಅಂತ ಬರೆದವರೊಬ್ಬರು ತಮ್ಮ ಅರ್ಜಿ ಏನಾಯ್ತು ಅಂತ ಕೇಳೋಕೆ ಬಂದವರು, ಕೆಂಪು ಗೆರೆ ನೋಡಿ ಮುಖ ಸಣ್ಣ ಮಾಡಿಕೊಂಡು ಹೋಗಿ, ಮಾರನೇ ದಿನ ಮಗಳ ಕೈಲಿ ಬರೆಸಿಕೊಂಡು ಬಂದರು. ಚರಂಡಿ ಇನ್ನೂ ಹಾಗೇ ಇದೆ. ಕಾಗುಣಿತ ಮಾತ್ರ ಸರಿಯಾಗಿದೆ.

ನಮ್ಮ ರಾಜ್ಯದ ನಗರಸಭೆಗಳಲ್ಲಿ ಅರ್ಧದಷ್ಟು ಸೀಟು ಹೆಂಗಸರಿಗೆ ಮೀಸಲು. ಸಾಮಾನ್ಯ ಸಭೆ ಇದ್ದ ದಿನ ಒಳಗೆ ನಾವು ಕೂತಿರುತ್ತೇವೆ, ಹೊರಗೆ ಹೊಂಗೆ ಮರದ ಕೆಳಗೆ ನಮ್ಮ ಗಂಡಂದಿರು. ಒಳಗಿನ ಸಭೆಗಿಂತ ಆ ಸಭೆಯೇ ಶಿಸ್ತಾಗಿ ನಡೆಯುತ್ತೆ. ಟೀ ಕೂಡ ಅಲ್ಲಿಗೇ ಮೊದಲು ಹೋಗೋದು. ನಮ್ಮವರು ಒಂದೇ ಒಂದು ಸಲ ಬಂದಿದ್ದರು, ನನ್ನನ್ನ ಸ್ಕೂಟರಲ್ಲಿ ಬಿಡೋಕೆ. ಅರ್ಧ ಗಂಟೆಯಲ್ಲಿ ಮೂರು ಜನ ಅವರ ಕೈಗೆ ಅರ್ಜಿ ಕೊಟ್ಟರು. ಆಮೇಲೆ ಆ ಕಡೆ ತಲೆ ಹಾಕಿಲ್ಲ. ಅವರ ಬ್ಯಾಗಲ್ಲಿ ಅವತ್ತು ಕೆಂಪು ಪೆನ್ನು ಇರಲಿಲ್ಲವಂತೆ.

ಗೆದ್ದಿದ್ದು ನೆನಪಾದರೆ ಈಗಲೂ ನಗು ಬರುತ್ತೆ. 2018ರ ಆಗಸ್ಟ್ 31ಕ್ಕೆ ಮತದಾನ, ಸೆಪ್ಟೆಂಬರ್ 3ಕ್ಕೆ ಎಣಿಕೆ. ಸಂಜೆ ಹಾರ, ಪಟಾಕಿ, ತೆರೆದ ಜೀಪು. ಮಾರನೇ ಬೆಳಗ್ಗೆಯೇ ಮೊದಲ ಫೋನು, ಯುಜಿಡಿ, ಅಂದರೆ ಒಳಚರಂಡಿ, ಕಟ್ಟಿಕೊಂಡಿದೆ ಅಂತ. ಆಮೇಲೆ ನೋಡಿದರೆ ಅಧ್ಯಕ್ಷ ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ, ನಾವು ಗೆದ್ದವರು ಸಭೆಯಲ್ಲಿ ಕುರ್ಚಿ ಎಳೆದುಕೊಂಡು ಕೂರೋ ಹೊತ್ತಿಗೆ 2020 ಮುಗಿಯುತ್ತಾ ಬಂದಿತ್ತು. ಎರಡು ವರ್ಷಕ್ಕೂ ಜಾಸ್ತಿ ಹೆಸರಿಗೆ ಮೆಂಬರು, ಸಹಿಗೆ ಬೆಲೆ ಇಲ್ಲ. ಆದರೆ ಯುಜಿಡಿಗೆ ಯಾವ ಕೋರ್ಟೂ ತಡೆಯಾಜ್ಞೆ ಕೊಟ್ಟಿರಲಿಲ್ಲ, ಅದು ತನ್ನ ಪಾಡಿಗೆ ಕಟ್ಟಿಕೊಳ್ಳುತ್ತಲೇ ಇತ್ತು. ಅಧ್ಯಕ್ಷರ ಮೂವತ್ತು ತಿಂಗಳ ಮೊದಲ ಅವಧಿ ಮುಗಿದ ಮೇಲೆ ಮತ್ತೆ ಅದೇ ರಗಳೆ. 2023ರಿಂದ 2024ರವರೆಗೆ ಅಧ್ಯಕ್ಷರ ಕುರ್ಚಿ ಖಾಲಿ. ಜನಕ್ಕೆ ಇದೆಲ್ಲ ಹೇಳಿದರೆ, "ಅದಿರ್ಲಿ ಮೇಡಂ, ನೀರು ಯಾವಾಗ ಬಿಡ್ತಾರೆ?" ಅಂತಾರೆ. ಸರಿಯಾಗೇ ಕೇಳ್ತಾರೆ.

ಈಗ ಕಂಬಕ್ಕೆ ಬರೋಣ.

ನನ್ನ ತವರು ಮನೆ ಇರೋ ಬೀದಿಯ ತುದಿಯಲ್ಲಿ ಒಬ್ಬ ರಾಯರಿದ್ದಾರೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನಾನು ಲಂಗ ಹಾಕಿಕೊಂಡು ಓಡಾಡುವಾಗಿನಿಂದ ನೋಡಿದವರು, ಹಾಗಾಗಿ ಮೇಡಂ ಗೀಡಂ ಏನಿಲ್ಲ, "ಏನಮ್ಮಾ". ಅವರ ಮನೆ ಎದುರಿನ ಬೀದಿದೀಪ ಕೆಟ್ಟಿತು. ಅರ್ಜಿ ಬಂತು. ರಾಯರ ಅರ್ಜಿ ಅಂದರೆ ಸುಮ್ನೆ ಅಲ್ಲ. ವಿಷಯ, ಉಲ್ಲೇಖ, ಅಡಕ ಎಲ್ಲ ಇರುತ್ತೆ. ಉಲ್ಲೇಖದಲ್ಲಿ ಅವರದೇ ಹಿಂದಿನ ಅರ್ಜಿಗಳ ದಿನಾಂಕ. ಅಡಕದಲ್ಲಿ ಮನೆ ಕಂದಾಯದ ರಸೀದಿ ಜೆರಾಕ್ಸ್. ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ಶೇಕಡ 5 ರಿಯಾಯಿತಿ ಇದೆಯಲ್ಲ, ರಾಯರು ಪ್ರತಿ ವರ್ಷ ಮೊದಲ ವಾರದಲ್ಲೇ ಕಟ್ಟಿಬಿಡುತ್ತಾರೆ. ಆ ಒಂದು ರಸೀದಿ ವರ್ಷವಿಡೀ ನನ್ನ ಕಣ್ಣಿಗೆ ಬೀಳುತ್ತಿರುತ್ತೆ.

ಅವರ ಅರ್ಜಿಯಲ್ಲಿ ನಮ್ಮ ಮೇಷ್ಟ್ರಿಗೆ ಒಂದೇ ಒಂದು ತಪ್ಪೂ ಸಿಕ್ಕಿಲ್ಲ. ಹುಡುಕಿ ಹುಡುಕಿ, ಕೊನೆಗೆ ಕೆಳಗೆ ಕೆಂಪಲ್ಲಿ 'ಉತ್ತಮ' ಅಂತ ಬರೆದಿಟ್ಟರು. ನಾನು ಅದನ್ನ ಹಾಗೇ ಆಫೀಸಿಗೆ ಕೊಟ್ಟುಬಿಟ್ಟೆ.

ಕಂಬ ವಿದ್ಯುತ್ ಕಂಪನಿಯದು, ಅದರ ಮೇಲಿನ ದೀಪ ನಗರಸಭೆಯದು, ರಿಪೇರಿ ಗುತ್ತಿಗೆದಾರನದು. ಬೈಗುಳ ಮಾತ್ರ ಪೂರ್ತಿ ಮೆಂಬರಿಗೆ. ನಮ್ಮಲ್ಲಿ 31 ವಾರ್ಡಿಗೆ ಒಂದೇ ಏಣಿ ಗಾಡಿ. ಅದು ನಮ್ಮ ವಾರ್ಡಿಗೆ ಬರೋಕೆ 19 ದಿನ ಆಯ್ತು. ಆ 19 ದಿನವೂ ಬೆಳಗ್ಗೆ ಐದೂ ಮುಕ್ಕಾಲಿಗೆ ಫೋನು. ಯಾಕೆ ಅಷ್ಟೊತ್ತಿಗೇ ಅಂದರೆ, "ಆಮೇಲೆ ನೀನು ಬಿಜಿ ಆಗಿಬಿಡ್ತೀಯಮ್ಮ."

ಒಂದು ದಿನ ಸಂವಿಧಾನದ ಹನ್ನೆರಡನೇ ಷೆಡ್ಯೂಲನ್ನೇ ಪ್ರಿಂಟ್ ಹಾಕಿಸಿಕೊಂಡು ಬಂದರು. 74ನೇ ತಿದ್ದುಪಡಿಯಲ್ಲಿ ಬಂತಲ್ಲ, ನಗರದ ಸಂಸ್ಥೆಗಳಿಗೆ ಅಂತ 18 ಕೆಲಸಗಳ ಪಟ್ಟಿ, ಅದು. ಬೆರಳಿಟ್ಟು ತೋರಿಸಿದರು.

"ನೋಡಮ್ಮ, 14ನೇದು ಸ್ಮಶಾನ. 16 ಜನನ ಮರಣ ನೋಂದಣಿ. ಬೀದಿದೀಪ ಇರೋದು 17ರಲ್ಲಿ. ಅಂದ್ರೆ ನಾನು ಸತ್ತು, ಸುಟ್ಟು, ಸರ್ಟಿಫಿಕೇಟ್ ತಗೊಂಡ ಮೇಲೆ ನೀನು ಲೈಟ್ ಹಾಕಿಸ್ತೀಯ, ಅಲ್ವಾ?"

ನಗು ಬಂತು. ನಗಬಾರದು ಅಂತ ಕೆಮ್ಮಿದೆ. ಅವರು ನಗಲಿಲ್ಲ.

ಅಂತೂ ಗಾಡಿ ಬಂತು. ಹುಡುಗ ಮೇಲೆ ಹೋಗಿ ಹೊಸ ಎಲ್‌ಇಡಿ ಕೂರಿಸಿದ. ಸಂಜೆ ಹತ್ತಿಕೊಂಡಿತು, ಹಗಲಿನ ಹಾಗೆ. ನಾನು ನೆಮ್ಮದಿಯಾಗಿ ಮಲಗಿದೆ. ಬೆಳಗ್ಗೆ ಐದೂ ಮುಕ್ಕಾಲು.

"ಏನಮ್ಮಾ, ಲೈಟು ನೆಟ್ಟಗೆ ನನ್ನ ದಿಂಬಿನ ಮೇಲೆ ಬೀಳ್ತಿದೆ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ."

ಕಿಟಕಿಗೆ ಪರದೆ ಹಾಕಿ ಅಂದೆ. ಗಾಳಿ ಬರಲ್ಲ ಅಂದರು. ಮಂಚ ಆ ಕಡೆಗೆ ಸರಿಸಿ ಅಂದೆ. ತಲೆ ಉತ್ತರಕ್ಕೆ ಬರುತ್ತೆ ಅಂದರು. ಗಾಡಿ ಮತ್ತೆ ಬರೋಕೆ ಆರು ದಿನ. ಹುಡುಗ ದೀಪದ ಮೂತಿಯನ್ನ ಸ್ವಲ್ಪ ಆ ಕಡೆ ತಿರುಗಿಸಿದ. ಈಗ ಬೆಳಕು ಎದುರು ಮನೆ ಮಹಡಿಯ ರೂಮಿಗೆ ಹೋಯ್ತು. ಅವರ ಮಗಳಿಗೆ ಪರೀಕ್ಷೆ, ಮಲಗೋಕಾಗ್ತಿಲ್ಲ ಅಂತ ಅವರ ಫೋನು. ಪರೀಕ್ಷೆ ಇದ್ದರೆ ಎದ್ದಿರಬೇಕಲ್ವಾ ಅಂತ ಬಾಯಿಗೆ ಬಂದಿತ್ತು. ನುಂಗಿಕೊಂಡೆ, ಅದು ನಾಲ್ಕು ವೋಟಿನ ಮನೆ.

ಮೂರನೇ ಸಲ ಗಾಡಿ ಬಂದಾಗ ಆ ಹುಡುಗ ನನ್ನನ್ನ ಒಂಥರಾ ನೋಡಿದ. "ಮೇಡಂ, ನೀವೇ ಒಂದ್ಸಲ ಮೇಲೆ ಹತ್ತಿ, ಎಲ್ಲಿಗೆ ಬೇಕೋ ತಿರುಗಿಸ್ಕೊಂಡುಬಿಡಿ" ಅಂದ. ಆಮೇಲೆ ಅವನೇ ಉಪಾಯ ಮಾಡಿದ. ನೀಲಿ ಬಣ್ಣದ ಖಾಲಿ ಪೇಂಟ್ ಬಕೆಟ್ ಒಂದರ ತಳ ಕತ್ತರಿಸಿ, ದೀಪದ ಸುತ್ತ ತಂತಿಯಲ್ಲಿ ಕಟ್ಟಿದ. ಈಗ ಬೆಳಕು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಕಂಬದ ಬುಡದಲ್ಲಿ ನೆಲದ ಮೇಲೆ ದುಂಡಗೆ, ರಂಗೋಲಿ ಹಾಕಿದ ಹಾಗೆ ಬೀಳುತ್ತೆ. ಎರಡು ಮನೆಯವರೂ ಸುಮ್ಮನಾದರು. ನಾಲ್ಕು ದಿನ ಫೋನಿಲ್ಲ. ಐದೂ ಮುಕ್ಕಾಲಿಗೆ ಎಚ್ಚರ ಆಗೋದು ಮಾತ್ರ ನಿಲ್ಲಲಿಲ್ಲ.

ಆ ರಂಗೋಲಿ ಬೀಳೋ ಜಾಗದಲ್ಲಿ ಮೊದಲು ಒಂದು ಬೀದಿ ನಲ್ಲಿ ಇತ್ತು. ನಾನೂ ನನ್ನ ತಂಗಿಯೂ ಕೊಡ ಇಟ್ಟು ಪಾಳಿ ಕಾಯುತ್ತಿದ್ದದ್ದು ಅಲ್ಲೇ. ಆಗ ಈ ಕಂಬಕ್ಕೆ ಟ್ಯೂಬ್‌ಲೈಟ್ ಇತ್ತು, ಹತ್ತೋಕೆ ಮೊದಲು ಹತ್ತು ಸಲ ಕಣ್ಣು ಹೊಡೆಯುತ್ತಿತ್ತು. ನೀರು ನಿಧಾನಕ್ಕೆ ಬರುತ್ತಿತ್ತು. ಅಮ್ಮ ಒಳಗಿಂದ ಕೂಗಿ ಕರೆಯೋವರೆಗೂ ನಮಗೆ ಮನೆಗೆ ಹೋಗೋ ಅವಸರ ಇರುತ್ತಿರಲಿಲ್ಲ. ಮನೆಮನೆಗೂ ಮೀಟರಿನ ನಲ್ಲಿ ಬಂದ ಮೇಲೆ, ಬೀದಿ ನಲ್ಲಿ ತೆಗೆಯೋ ವಿಷಯ ಸಭೆಗೆ ಬಂತು. ನೀರು ಸುಮ್ನೆ ಹರಿದು ಹೋಗುತ್ತೆ, ತೆಗೆಯೋದೇ ಸರಿ. ನಾನೂ ಕೈ ಎತ್ತಿದೆ. ಎರಡು ನಿಮಿಷದಲ್ಲಿ ಮುಂದಿನ ವಿಷಯಕ್ಕೆ ಹೋದೆವು. ಈಗ ಆ ದಾರಿಯಲ್ಲಿ ಹೋಗುವಾಗ ಸಿಮೆಂಟು ಹಾಕಿ ಮುಚ್ಚಿದ ಆ ಗುರುತಿನ ಮೇಲೆ ಕಾಲಿಡದೆ ಪಕ್ಕದಲ್ಲಿ ಹೋಗ್ತೀನಿ. ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಐದನೇ ದಿನ ರಾಯರ ಫೋನು. "ಏನಮ್ಮಾ, ನಾಯಿಗಳು."

ಬೀದಿಯ ಅಷ್ಟೂ ನಾಯಿಗಳಿಗೆ ಆ ದುಂಡನೆ ಬೆಳಕು ಇಷ್ಟವಾಗಿಬಿಟ್ಟಿದೆ. ದೀಪಕ್ಕೆ ಬರೋ ಹುಳ ಹಿಡಿಯೋಕೆ ಬರುತ್ತವೋ ಏನೋ. ರಾತ್ರಿ ಹತ್ತಕ್ಕೆ ಒಂದೊಂದಾಗಿ ಬಂದು ಸುತ್ತ ಕೂರುತ್ತವೆ. ನಾನೇ ಹೋಗಿ ನೋಡಿದೆ. ಒಂಬತ್ತು ನಾಯಿ. ನಡುವೆ ಒಂದು ಕಂದು ಬಣ್ಣದ್ದು, ಅಧ್ಯಕ್ಷರ ಹಾಗೆ ಸುಮ್ನೆ ಕಣ್ಣು ಮುಚ್ಚಿ ಮಲಗಿತ್ತು. ಉಳಿದವೆಲ್ಲ ಒಟ್ಟಿಗೇ ಬೊಗಳುತ್ತಿದ್ದವು. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಪರಿಚಯದ ಜಾಗಕ್ಕೆ ಬಂದ ಹಾಗಾಯ್ತು. ನಮ್ಮಲ್ಲಿ ಕೋರಂ ಕೂಡೋದು ಇಷ್ಟು ಸುಲಭ ಅಲ್ಲ ಅಷ್ಟೇ.

"ಹಿಡಿಸಿ ದೂರ ಬಿಡಿಸಮ್ಮ" ಅಂದರು ರಾಯರು. ನಿಯಮ ಹೇಳಿದೆ. ಹಿಡಿದು, ಸಂತಾನಹರಣ ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಎಲ್ಲಿ ಹಿಡಿದೆವೋ ಅಲ್ಲಿಗೇ ತಂದು ಬಿಡಬೇಕು ಅಂತ ಪ್ರಾಣಿ ಜನನ ನಿಯಂತ್ರಣ ನಿಯಮದಲ್ಲೇ ಇದೆ. ಇವುಗಳಲ್ಲಿ ನಾಲ್ಕಕ್ಕೆ ಆಗಲೇ ಆಪರೇಷನ್ ಆಗಿದೆ, ಕಿವಿ ತುದಿ ಕತ್ತರಿಸಿರೋ ಗುರುತು ನೋಡಿ ಅಂದೆ.

"ಅಂದ್ರೆ ಇವು ಇಲ್ಲಿಯ ಕಾಯಂ ನಿವಾಸಿಗಳು ಅಂತೀಯಾ?"

"ಹೌದು ರಾಯರೇ."

"ಕಂದಾಯ ಕಟ್ಟೋದು ನಾನು."

ಅದಕ್ಕೆ ನನ್ನ ಹತ್ತಿರ ಮಾತಿರಲಿಲ್ಲ.

ಮೂರು ದಿನ ಬಿಟ್ಟು ಅರ್ಜಿ ಬಂತು. ಈ ಸಲ ನನ್ನ ಕೈಗಲ್ಲ. ಮೇಷ್ಟ್ರು ಶಾಲೆಯಿಂದ ಬರುವಾಗ ದಾರಿಯಲ್ಲಿ ಅಡ್ಡ ಹಾಕಿ ಅವರ ಕೈಗೇ ಕೊಟ್ಟರು. 'ವಿಷಯ: ಬೀದಿದೀಪ ಆರಿಸಿಕೊಡುವ ಬಗ್ಗೆ.' ಉಲ್ಲೇಖದಲ್ಲಿ, ದೀಪ ಹಾಕಿಸಿಕೊಡಿ ಅಂತ ಅವರೇ ಬರೆದ ಅಷ್ಟೂ ಅರ್ಜಿಗಳು. ಅಡಕ, ಕಂದಾಯದ ರಸೀದಿ. ನಗರಸಭೆಗೆ ಒಯ್ದು ಕೊಟ್ಟರೆ ಆ ವಿಭಾಗದ ಗುಮಾಸ್ತರು ಮೂರು ಸಲ ಓದಿದರು. ಬೀದಿದೀಪ ಕೆಟ್ಟಿರೋ ದೂರಿಗೆ ರಿಜಿಸ್ಟರ್ ಇದೆ, ಕೆಟ್ಟಿಲ್ಲ ಅನ್ನೋ ದೂರಿಗೆ ಇಲ್ಲ ಮೇಡಂ ಅಂದರು. ಅರ್ಜಿ ನನ್ನ ಬ್ಯಾಗಿಗೇ ವಾಪಸ್ ಬಂತು. ಅಲ್ಲೇ ಇದೆ.

ನಿನ್ನೆ ಸಂಜೆ ಗುಡುಗು, ಗಾಳಿ, ಜೋರು ಮಳೆ. ಬಕೆಟ್ ಹಾರಿ ಯಾರದೋ ತೆಂಗಿನ ಮರಕ್ಕೆ ಸಿಕ್ಕಿಕೊಂಡಿತಂತೆ. ನೀರು ಇಳಿದು ದೀಪ ತಾನಾಗೇ ಕೆಟ್ಟಿತು. ನಾನು ಬೆರಳೂ ಆಡಿಸಿಲ್ಲ. ಬೆಳಗ್ಗೆ ಐದೂ ಮುಕ್ಕಾಲಿಗೆ ಫೋನು.

"ಏನಮ್ಮಾ, ಎಷ್ಟೋ ದಿನ ಆದ್ಮೇಲೆ ಕಣ್ತುಂಬ ನಿದ್ದೆ ಮಾಡಿದೆ. ನಾಯಿಗಳೂ ಇಲ್ಲ. ಬಹಳ ಉಪಕಾರ ಆಯ್ತು."

ಏಳು ವರ್ಷದಲ್ಲಿ ಈ ಮಾತು ರಾಯರ ಬಾಯಲ್ಲಿ ಮೊದಲ ಸಲ ಕೇಳಿದ್ದು. ಹಾಸಿಗೆ ಮೇಲೆ ಎದ್ದು ಕೂತೆ. ಪರವಾಗಿಲ್ಲ ರಾಯರೇ, ನಮ್ಮ ಕೆಲಸ ಅಲ್ವಾ ಅನ್ನೋಕೆ ಬಾಯಿ ತೆರೆದಿದ್ದೆ.

"ಸಾರ್‌ಗೆ ಒಂದು ಥ್ಯಾಂಕ್ಸ್ ಹೇಳಿಬಿಡಮ್ಮ. ಅವರ ಕೈಗೆ ಕೊಟ್ಟಿದ್ದಕ್ಕೇ ಆಯ್ತು ನೋಡು. ಮೊದಲೇ ಅವರಿಗೇ ಹೇಳಬೇಕಿತ್ತು."

ಪಕ್ಕದಲ್ಲಿ ಸಾರ್ ಗೊರಕೆ ಹೊಡೆಯುತ್ತಿದ್ದರು.

ಇದನ್ನ ಇಷ್ಟು ಬರೆಯೋ ಹೊತ್ತಿಗೆ ಮತ್ತೆ ಫೋನು. ಎದುರು ಮನೆಯವರು. ಬೀದಿಯೆಲ್ಲ ಕತ್ತಲಂತೆ, ಮಗಳು ಸಂಜೆ ಟ್ಯೂಷನ್ನಿಂದ ಹೇಗೆ ಬರೋದು ಅಂತ. ಅದಾದ ಮೇಲೆ ಸ್ವಲ್ಪ ತಡೆದು ಕೇಳಿದರು, "ಸಾರ್ ಇದ್ದಾರಾ?"

ಇದ್ದಾರೆ ಅಂದೆ. ಬಚ್ಚಲುಮನೆ ಬಾಗಿಲು ತಟ್ಟಿ, ಸೋಪು ಹಚ್ಚಿದ ಕೈಗೇ ಫೋನ್ ಕೊಟ್ಟು ಬಂದೆ.