ಚರ್ಚನ್ನು ನೀರಲ್ಲಿ ಯಾಕೆ ಕಟ್ಟಿದ್ರು?

ಹೋದ ವಾರ ನಾನು ಹಾಕಿದ ಫೋಟೋ ನೋಡಿದವರಿಗೆ ನೆನಪಿರಬಹುದು. ನೀಲಿ ನೀರು, ಹಿಂದೆ ಹಿಮ ಹೊತ್ತ ಬೆಟ್ಟ, ನೀರಿನ ಮಧ್ಯೆ ಒಂಟಿಯಾಗಿ ನಿಂತ ಕಲ್ಲಿನ ಗಂಟೆಗೋಪುರ, ಈಚೆಗೆ ಬೇಲಿಗೆ ಒರಗಿಸಿದ ನನ್ನ ಸೈಕಲ್ಲು. ನನ್ನ ಜನ್ಮದಲ್ಲಿ ಅಷ್ಟು ಲೈಕು ಬಂದಿರಲಿಲ್ಲ. "ಸ್ವರ್ಗ ಕಣೇ", "ಮುಂದಿನ ವರ್ಷ ನಾವೂ ಹೋಗಬೇಕು", "ಒಬ್ಳೇ ಹೋದ್ಯಾ? ಎಂಥಾ ಧೈರ್ಯ". ಸಾಗರದಲ್ಲಿ ಪಿಯುಸಿ ಓದೋ ನನ್ನ ಚಿಕ್ಕಪ್ಪನ ಮಗ ಮಾತ್ರ ಒಂದೇ ಸಾಲು ಬರೆದಿದ್ದ: "ಅಕ್ಕ, ಚರ್ಚನ್ನು ನೀರಲ್ಲಿ ಯಾಕೆ ಕಟ್ಟಿದ್ರು?"

ಅದಕ್ಕೆ ನಾಲ್ಕೈದು ಜನ ನಗುವ ಮುಖ ಒತ್ತಿದ್ದಾರೆ. ನಗೋದು ಏನಿದೆ? ಅಷ್ಟು ಜನರಲ್ಲಿ ಕೇಳಬೇಕಾದ್ದನ್ನು ಕೇಳಿದವನು ಅವನೊಬ್ಬನೇ. ಆದರೆ ನಮ್ಮ ಮನೆಯ ಹುಡುಗನಿಗೇ ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲವಲ್ಲ ಅಂತ ಮನಸ್ಸಿಗೆ ಸ್ವಲ್ಪ ಚುಚ್ಚಿತು. ಕಾಮೆಂಟಿನಲ್ಲಿ ಹಿಡಿಸುವ ಉತ್ತರ ಅಲ್ಲ, ಅದಕ್ಕೇ ಇಲ್ಲಿ ಬರೀತಿದ್ದೇನೆ. ಉದ್ದ ಆಗುತ್ತೆ. ಪುರುಸೊತ್ತಿದ್ದವರು ಓದಿ.

ಮೊದಲು ಆ ಧೈರ್ಯದ ಮಾತು ಮುಗಿಸಿಬಿಡ್ತೀನಿ. ನಾನು ಹೋದದ್ದು ವಿಯಾ ಕ್ಲೌಡಿಯಾ ಆಗಸ್ಟಾ ಅನ್ನೋ ದಾರಿಯಲ್ಲಿ. ಎರಡು ಸಾವಿರ ವರ್ಷದ ಹಿಂದೆ, ಕ್ಲಾಡಿಯಸ್ ಚಕ್ರವರ್ತಿಯ ಕಾಲಕ್ಕೆ ರೋಮನ್ನರು ಆಲ್ಪ್ಸ್ ದಾಟಿಸಿ ಮಾಡಿ ಮುಗಿಸಿದ ರಸ್ತೆ. ಈಗ ಅದರ ಜಾಡು ಹಿಡಿದು ಸೈಕಲ್ ಮಾರ್ಗ ಮಾಡಿದ್ದಾರೆ. ಮ್ಯೂನಿಕ್‌ನಿಂದ ರೈಲಿನಲ್ಲಿ, ಸೈಕಲ್ಲಿಗೂ ಒಂದು ಟಿಕೆಟ್ ತಗೊಂಡು, ಫ್ಯೂಸೆನ್‌ನಲ್ಲಿ ಇಳಿದೆ. ಅಲ್ಲಿಂದ ಆಸ್ಟ್ರಿಯಾದ ಫರ್ನ್ ಪಾಸ್, ಲಾಂಡೆಕ್, ಸ್ವಿಟ್ಜರ್ಲೆಂಡಿನ ಒಂದು ಸಣ್ಣ ಮೂಲೆ, ಮತ್ತೆ ಆಸ್ಟ್ರಿಯಾ, ರೆಷನ್ ಪಾಸ್ ದಾಟಿದರೆ ಇಟಲಿ. ಆಮೇಲೆ ಆಡಿಜೆ ನದಿಯ ಮಗ್ಗುಲಲ್ಲೇ ಇಳಿದು, ಕೊನೆಗೆ ಪಶ್ಚಿಮಕ್ಕೆ ತಿರುಗಿ ಗಾರ್ಡಾ ಸರೋವರ. 400 ಚಿಲ್ಲರೆ ಕಿಲೋಮೀಟರು, ಏಳು ದಿನ, ಸೆಪ್ಟೆಂಬರ್ ತಿಂಗಳು.

ಇದರಲ್ಲಿ ನನ್ನ ಪಾಲಿನ ಧೈರ್ಯ ಎಷ್ಟು ಗೊತ್ತಾ? ಹೆಚ್ಚುಕಮ್ಮಿ ತಿರುವು ತಿರುವಿಗೂ ಬೋರ್ಡಿದೆ. ಊರೂರಿನ ಚೌಕದಲ್ಲಿ ಕುಡಿಯೋ ನೀರಿನ ತೊಟ್ಟಿಯಿದೆ. ಏರಲಾಗದವರಿಗೆ ಸೈಕಲ್ ಹೊತ್ತು ಮೇಲಕ್ಕೆ ಬಿಡೋ ಬಸ್ಸಿದೆ. ಅಟ್ಟಿಸಿಕೊಂಡು ಬರೋ ನಾಯಿಯಿಲ್ಲ, ಹಾರನ್ ಹೊಡೆದು ಚರಂಡಿಗೆ ಇಳಿಸೋ ಖಾಸಗಿ ಬಸ್ಸಿಲ್ಲ. ಇನ್ ನದಿಯ ಪಕ್ಕ ನಾನು ಏದುಸಿರು ಬಿಡ್ತಾ ಏರುತ್ತಿದ್ದರೆ ಎಪ್ಪತ್ತು ದಾಟಿದ ಗಂಡ ಹೆಂಡತಿ ಬ್ಯಾಟರಿ ಸೈಕಲ್ಲಿನಲ್ಲಿ ಕೂತು, ಬೆವರಿನ ಒಂದು ಹನಿಯೂ ಇಲ್ಲದೆ, "ಸೆರ್ವುಸ್" ಅಂದುಕೊಂಡು ನನ್ನ ದಾಟಿ ಹೋದರು. ಸಾಗರದಿಂದ ಹೊಸನಗರಕ್ಕೆ ಇಳಿಸಂಜೆಯಲ್ಲಿ ಒಬ್ಬಳೇ ಸೈಕಲ್ ತುಳಿದ ದಿನ ನನಗೆ ಧೈರ್ಯವಂತೆ ಅನ್ನಿ, ಒಪ್ಪಿಕೊಳ್ತೀನಿ.

ಕಷ್ಟವೇ ಆಗಲಿಲ್ಲ ಅಂತಲ್ಲ. ಫರ್ನ್ ಪಾಸಿನ ಕಾಡುದಾರಿ ಬರೀ ಜಲ್ಲಿಕಲ್ಲು. ಸೈಕಲ್ಲಿನ ಎರಡು ಕಡೆ ನೇತಾಕಿದ ಚೀಲಗಳದ್ದೇ ಹದಿನೈದು ಕೆಜಿ, ಅರ್ಧ ದಾರಿ ತಳ್ಳಿದ್ದೇ. ಅವತ್ತು ಭಾನುವಾರ, ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಈ ದೇಶದಲ್ಲಿ ಆರು ವರ್ಷದಿಂದ ಇದ್ದರೂ ನನಗೆ ಭಾನುವಾರ ಅನ್ನೋದು ಹೊಟ್ಟೆ ಹಸಿದ ಮೇಲೇ ನೆನಪಾಗೋದು. ನಾಸರೈತ್ ಅನ್ನೋ ಊರಿನ ಬಸ್ ಸ್ಟಾಪಿನಲ್ಲಿ ಕೂತು, ಹಿಂದಿನ ದಿನದ ಗಟ್ಟಿ ಬ್ರೆಡ್ಡಿಗೆ ಅಮ್ಮ ಕಳಿಸಿದ ಅಪ್ಪೆಮಿಡಿಯ ರಸ ಹಚ್ಚಿಕೊಂಡು ತಿಂದೆ. ಹಾಗೆ ನೋಡಿದರೆ ಇಡೀ ಪ್ರವಾಸದ ಒಳ್ಳೇ ಊಟ ಅದೇ.

ಮೂರನೇ ದಿನ ಸ್ವಿಟ್ಜರ್ಲೆಂಡಿನ ಮಾರ್ಟಿನಾದಿಂದ ಗುಡ್ಡ ಹತ್ತಬೇಕು, 11 ಹೇರ್‌ಪಿನ್ ತಿರುವು. ಆಗುಂಬೆ ಘಾಟಿಯಲ್ಲಿ 14 ಇವೆಯಲ್ಲ, ಇನ್ನೂ ಮೂರು ಕಮ್ಮಿ ಅಂತ ಸಮಾಧಾನ ಹೇಳಿಕೊಂಡು ಒಂದೊಂದೇ ಎಣಿಸಿದೆ. ಮೇಲೆ ನೌಡರ್ಸ್ ಅನ್ನೋ ಊರು, ಅದರಾಚೆ ರೆಷನ್ ಪಾಸ್, 1,507 ಮೀಟರ್ ಎತ್ತರ. ಇದೊಂದು ನೀರು ಹಂಚುವ ನೆತ್ತಿ. ಈಚೆ ಬಿದ್ದ ಮಳೆ ಇನ್ ನದಿಗೆ ಸೇರಿ, ಡ್ಯಾನ್ಯೂಬ್ ಹಿಡಿದು ಕಪ್ಪು ಸಮುದ್ರಕ್ಕೆ. ಆಚೆ ಬಿದ್ದದ್ದು ಆಡಿಜೆಯಾಗಿ ವೆನಿಸ್ ಕಡೆಯ ಆಡ್ರಿಯಾಟಿಕ್‌ಗೆ. ಗಡಿಯಲ್ಲಿ ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಇನ್ನೊಂದಿಷ್ಟು ತುಳಿದರೆ ಸರೋವರ ಒಮ್ಮೆಗೇ ಬಿಚ್ಚಿಕೊಂಡಿತು, ಅದರ ಒಂದು ಬದಿಗೆ ಆ ಗೋಪುರ.

ಗೋಪುರದ ಎದುರಿಗೆ ಏನಿದೆ ಅನ್ನೋದು ಫೋಟೋದಲ್ಲಿ ಕಾಣಲ್ಲ. ದೊಡ್ಡ ಪಾರ್ಕಿಂಗ್ ಜಾಗ. ಟೂರಿಸ್ಟ್ ಬಸ್ಸುಗಳ ಸಾಲು. ಫೋಟೋಕ್ಕೆ ಕ್ಯೂ. ನಾನೂ ಕ್ಯೂನಲ್ಲಿ ನಿಂತೆ, ಸೈಕಲ್ ಒರಗಿಸಿದೆ, ಕ್ಲಿಕ್ಕಿಸಿ ಅಲ್ಲಿಂದಲೇ ನಿಮಗೆ ಹಾಕಿದೆ. ಅಮ್ಮನಿಗೂ ಕಳಿಸಿದೆ. ಅದೆಲ್ಲ ಆದ ಮೇಲೆ ದಡದಲ್ಲಿದ್ದ ಫಲಕ ಓದಲು ನಿಂತೆ.

ಚರ್ಚನ್ನು ನೀರಲ್ಲಿ ಯಾರೂ ಕಟ್ಟಲಿಲ್ಲ ತಮ್ಮಾ. 14ನೇ ಶತಮಾನದ ಗೋಪುರ ಅದು, ಗ್ರೌನ್ ಅನ್ನೋ ಊರಿನ ನಡುವೆ ನೆಲದ ಮೇಲೇ ಇತ್ತು. ನೀರು ಆಮೇಲೆ ಬಂತು, 1950ರಲ್ಲಿ. ಅಲ್ಲಿ ಮೊದಲು ಚಿಕ್ಕ ಚಿಕ್ಕ ಸಹಜ ಕೆರೆಗಳಿದ್ದವು. ಕರೆಂಟಿಗಾಗಿ ನೀರಿನ ಮಟ್ಟ 5 ಮೀಟರ್ ಏರಿಸ್ತೀವಿ ಅಂತ ಮೊದಲೊಂದು ಯೋಜನೆ ಇತ್ತು, ಜನ ಅದಕ್ಕೆ ಹೊಂದಿಕೊಂಡಿದ್ದರು. 1939ರ ಹೊತ್ತಿಗೆ ಮೊಂಟೆಕಾಟಿನಿ ಅನ್ನೋ ಕಂಪನಿಯ ಕೈಯಲ್ಲಿ ಅದೇ 22 ಮೀಟರ್ ಆಯಿತು. 163 ಮನೆ, 523 ಹೆಕ್ಟೇರ್ ಹೊಲ ಹುಲ್ಲುಗಾವಲು ಮುಳುಗಡೆಗೆ ಹೋಯಿತು. ಮನೆಗಳಿಗೆ ಡೈನಮೈಟ್ ಇಟ್ಟರು. ಚರ್ಚನ್ನೂ ಬಿಡಲಿಲ್ಲ, ಗೋಪುರ ಮಾತ್ರ ಸಂರಕ್ಷಿತ ಸ್ಮಾರಕ ಅಂತ ಉಳೀತು. ಗೋಪುರಕ್ಕಿದ್ದ ಮರ್ಯಾದೆ ಅದರ ನೆರಳಲ್ಲಿದ್ದ ಮನೆಗಳಿಗೆ ಇರಲಿಲ್ಲ.

ಇನ್ನೊಂದು ಸಂಗತಿ ಓದಿ ನನಗೆ ಮೈ ಉರೀತು. ಈ ಸೀಮೆ ಮೊದಲನೇ ಮಹಾಯುದ್ಧದವರೆಗೆ ಆಸ್ಟ್ರಿಯಾದ್ದು, ಯುದ್ಧ ಸೋತ ಮೇಲೆ ಇಟಲಿಗೆ ಸೇರಿತು. ಜನರ ಮಾತು ಜರ್ಮನ್. 22 ಮೀಟರಿನ ವಿಷಯ ತಿಳಿಸೋ ನೋಟಿಸನ್ನು ಅಂಟಿಸಿದ್ದು ಇಟಾಲಿಯನ್‌ನಲ್ಲಿ. ಓದಿದವರಿಗೆ ಅರ್ಥ ಆಗಲಿಲ್ಲ, ಅರ್ಥ ಆಗದವರು ಆಕ್ಷೇಪಣೆ ಸಲ್ಲಿಸಲಿಲ್ಲ, ಸಲ್ಲಿಸದ್ದರಿಂದ ಆಕ್ಷೇಪಣೆಯೇ ಇಲ್ಲ ಅಂತಾಯಿತು. ಗೊತ್ತಾದ ಮೇಲೆ ಊರಿನ ಪಾದ್ರಿ ಆಲ್ಫ್ರೆಡ್ ರೀಪರ್ ರೋಮಿನವರೆಗೆ ಹೋಗಿ ಪೋಪ್ ಹನ್ನೆರಡನೇ ಪಯಸ್ ಎದುರು ಹೇಳಿಕೊಂಡು ಬಂದರು. ಏನೂ ಆಗಲಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ತನಗೆ ಬಾರದ ಭಾಷೆಯ ಫಾರಂ ಹಿಡಿದು ನಿಂತ ಯಾವ ಕನ್ನಡದವರಿಗೂ ಈ ಕಥೆಯ ಮೊದಲರ್ಧ ಬಿಡಿಸಿ ಹೇಳಬೇಕಾಗಿಲ್ಲ.

ಟೂರಿಸ್ಟ್ ವಿಡಿಯೋಗಳಲ್ಲಿ ಇದ್ಯಾವುದೂ ಇರಲ್ಲ. ಚಳಿಗಾಲದಲ್ಲಿ ನೀರೊಳಗಿಂದ ಗಂಟೆ ಕೇಳಿಸುತ್ತೆ ಅನ್ನೋ ದಂತಕಥೆ ಇರುತ್ತೆ. ಗಂಟೆಗಳನ್ನು 1950ರ ಜುಲೈನಲ್ಲೇ ಕೆಳಗಿಳಿಸಿ ಸಾಗಿಸಿದ್ದರು! ದೆವ್ವದ ಕಥೆ ಹೇಳೋದು ಸುಲಭ, ನೋಟಿಸಿನ ಕಥೆ ಹೇಳೋದು ಕಷ್ಟ.

ರಾತ್ರಿ ಉಳಿದದ್ದು ಸರೋವರದ ಕೆಳತುದಿಯ ಹಳ್ಳಿಯಲ್ಲಿ, ಒಬ್ಬ ಹೆಂಗಸು ನಡೆಸೋ ನಾಲ್ಕು ಕೋಣೆಯ ಮನೆಯಲ್ಲಿ. ಅರವತ್ತರ ಆಸುಪಾಸು. ಅವರ ತಾಯಿ ಗ್ರೌನ್‌ನವರಂತೆ. ದೊಡ್ಡ ಮಾತೇನಾದರೂ ಬರುತ್ತೆ ಅಂತ ನಾನು ಕಿವಿ ನೆಟ್ಟಗೆ ಮಾಡಿ ಕೂತರೆ ಅವರು ಬಸ್ಸಿನವರಿಗೆ ಬೈದರು. "ಹತ್ತು ನಿಮಿಷ ನಿಲ್ಲಿಸ್ತಾರೆ. ಎರಡೇ ಪ್ರಶ್ನೆ ಕೇಳ್ತಾರೆ, ಒಳಗೆ ಹೋಗಬಹುದಾ, ಟಾಯ್ಲೆಟ್ ಎಲ್ಲಿದೆ." ಆಮೇಲೆ ತಟ್ಟೆ ಒರೆಸುತ್ತಾ, ಸ್ಫೋಟಕ್ಕೆ ಮುಂಚೆ ಅಜ್ಜ ಕಿಟಕಿ ಬಾಗಿಲು ಕಿತ್ತು ತಂದಿದ್ದರು, ಮರದ ಶೆಡ್ಡಿನಲ್ಲಿದ್ದಾಗ ಅದನ್ನೆಲ್ಲ ಮಂಚದ ಕೆಳಗೆ ಇಟ್ಟುಕೊಂಡಿದ್ದರು ಅಂದರು. ಬಾಗಿಲನ್ನು ಮಂಚದ ಕೆಳಗೆ ಅಂದಾಗ ನನಗೆ ನಮ್ಮನೆಯ ಕಂಬ ಕಣ್ಣಿಗೆ ಬಂತು.

ನಮ್ಮದೂ ಮುಳುಗಡೆ ಮನೆತನ. ಈ ಪೋಸ್ಟ್ ಓದೋ ಅರ್ಧ ನೆಂಟರಿಗೆ ಗೊತ್ತು, ಚಿಕ್ಕವರಿಗೆ ಗೊತ್ತಿಲ್ಲ. 1964ರಲ್ಲಿ ಲಿಂಗನಮಕ್ಕಿ ಡ್ಯಾಮು ಮುಗಿದು ಶರಾವತಿ ನಿಂತಾಗ ಅಜ್ಜ ಹೆಂಚು, ತೊಲೆ, ಕಂಬ ಬಿಚ್ಚಿ ಲಾರಿಗೆ ಹಾಕಿಕೊಂಡು ಬಂದವರು. ಈಗಿನ ಮನೆಯ ಜಗಲಿಯಲ್ಲಿ ಎಡಗಡೆಯ ಎರಡನೇ ಕಂಬ ನೋಡಿ. ಆಳೆತ್ತರದಲ್ಲಿ ಚೌಕಾಕಾರದ ತೂತಿದೆ, ಅದಕ್ಕೆ ಯಾವ ತೊಲೆಯೂ ಸೇರಿಲ್ಲ. ಹಳೇ ಮನೆಯಲ್ಲಿ ಅಲ್ಲೊಂದು ಅಡ್ಡತೊಲೆ ಇತ್ತು, ಹೊಸ ಮನೆ ಅಷ್ಟು ಅಗಲ ಆಗಲಿಲ್ಲ. ಸಣ್ಣವಳಿದ್ದಾಗ ನಾನು ಅದರಲ್ಲಿ ಹುಣಸೆಬೀಜ ಬಚ್ಚಿಡ್ತಿದ್ದೆ. ಅಜ್ಜಿಯ ಬಾಯಲ್ಲಿ ಡ್ಯಾಮು ಅನ್ನೋ ಮಾತು ನಾನು ಕೇಳಿದ್ದೇ ಇಲ್ಲ. ಎಲ್ಲದಕ್ಕೂ "ನೀರು ಬರೋಕೆ ಮುಂಚೆ", "ನೀರು ಬಂದ ಮೇಲೆ". ಅಪ್ಪ ಹುಟ್ಟಿದ್ದು ನೀರು ಬರೋಕೆ ಮುಂಚೆ, ಅತ್ತೆ ಹುಟ್ಟಿದ್ದು ನೀರು ಬಂದ ಮೇಲೆ.

ಯುರೋಪಿನ ಯಾವ ಫೋಟೋ ಹಾಕಿದರೂ ನಮ್ಮವರದ್ದು ಒಂದು ಪಲ್ಲವಿ ಇದೆ: "ಅವರ ಶಿಸ್ತು ನೋಡಿ, ನಮ್ಮಲ್ಲಿ ಎಲ್ಲಿ?" ಸೈಕಲ್ ದಾರಿಯ ಮಟ್ಟಿಗೆ ನಾನೂ ಹಾಡ್ತೀನಿ, ಈಗಷ್ಟೇ ಹಾಡಿದ್ದೀನಿ. ಮುಳುಗಡೆ ವಿಷಯಕ್ಕೆ ಬಂದರೆ ಶಿಸ್ತು ಗಿಸ್ತು ಏನೂ ಇಲ್ಲ. ಅಲ್ಲೂ ಪುಡಿಗಾಸಿನ ಪರಿಹಾರ, ಅಲ್ಲೂ ಶೆಡ್ಡು, ಅಲ್ಲೂ ಗುಳೆ. ಹಾಗಂತ ಎರಡೂ ಒಂದೇ ಅಂತ ಕೈ ತೊಳೆದುಕೊಳ್ಳೋಕೂ ಆಗಲ್ಲ. ಗ್ರೌನ್‌ನವರ ಫೋಟೋ, ಮನೆಗಳ ಲೆಕ್ಕ ಎಲ್ಲ ಇವತ್ತು ಅದೇ ನೀರಿನ ದಡದಲ್ಲಿ ನಿಂತಿದೆ, ಓದೋ ಮನಸ್ಸಿದ್ದವರು ಓದಬಹುದು. ಶರಾವತಿ ಮುಳುಗಡೆಯವರು ಅರವತ್ತು ವರ್ಷ ಆದರೂ ಕೊಟ್ಟ ಜಮೀನಿನ ಹಕ್ಕುಪತ್ರಕ್ಕೆ ಅಲೀತಿದ್ದಾರೆ; ಕಾಗದದಲ್ಲಿ ಅದು ಇನ್ನೂ ಕಾಡು. ಹಿನ್ನೀರಿಗೆ ಬಂದು ರೀಲ್ಸ್ ಮಾಡೋರಿಗೆ ಕೆಳಗೆ ಯಾವ ಊರಿತ್ತು ಅಂತ ಹೇಳೋ ಫಲಕ ಎಲ್ಲಾದರೂ ನೋಡಿದ್ದೀರಾ? ನೋಡಿದ್ದರೆ ದಯವಿಟ್ಟು ತಿಳಿಸಿ, ನಾನಂತೂ ನೋಡಿಲ್ಲ.

ಅಲ್ಲಿಂದ ಮುಂದಿನ ದಾರಿ ಬರೀ ಇಳಿಜಾರು. ವಿನ್ಶ್‌ಗೌ ಕಣಿವೆ ಪೂರ್ತಿ ಸೇಬಿನ ತೋಟ, ಕೊಯ್ಲಿನ ಕಾಲ, ಟ್ರ್ಯಾಕ್ಟರುಗಳ ಹಿಂದೆ ಸೇಬಿನ ವಾಸನೆ. ಮೆರಾನೊ, ಬೊಲ್ಜಾನೊ, ಟ್ರೆಂಟೋ. ಚೆಂದ ಇದೆ, ಹೋಗಿ, ಅದರ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಒಂದು ಎಚ್ಚರಿಕೆ ಮಾತ್ರ: ಮಧ್ಯಾಹ್ನದ ಮೇಲೆ ಗಾರ್ಡಾ ಕಡೆಯಿಂದ "ಓರಾ" ಅನ್ನೋ ಗಾಳಿ ಕಣಿವೆಯೊಳಗೆ ನುಗ್ಗುತ್ತೆ. ಇಳಿಜಾರಿನಲ್ಲೂ ಪೆಡಲ್ ತುಳಿಸುತ್ತೆ. ಬೆಳಿಗ್ಗೆ ಬೇಗ ಹೊರಡಿ.

ಕೊನೇ ದಿನ ಮೋರಿ ಊರಿನಿಂದ ಗಾರ್ಡಾಕ್ಕೆ ಹೋಗೋ ಸೈಕಲ್ ದಾರಿಯಲ್ಲಿ, ಮ್ಯಾಪಿನ ಪ್ರಕಾರ ಲೊಪ್ಪಿಯೋ ಸರೋವರ ಬರಬೇಕಿತ್ತು. ಸಂತ ಆಂದ್ರೆಯ ದ್ವೀಪ ಅಂತ ಬೋರ್ಡೂ ಇದೆ. ದ್ವೀಪ ಇದೆ, ನೀರಿಲ್ಲ! ಸುತ್ತ ಜೊಂಡು, ಜೌಗು. ಆಡಿಜೆಯ ಪ್ರವಾಹದ ನೀರನ್ನು ಗಾರ್ಡಾಕ್ಕೆ ಬಿಡಲು ಬೆಟ್ಟದೊಳಗೆ ಸುಮಾರು 10 ಕಿ.ಮೀ. ಸುರಂಗ ಕೊರೆದರು. ಶುರು ಮಾಡಿದ್ದು ಅದೇ 1939ರಲ್ಲಿ, ಮುಗಿದದ್ದು 1959ರಲ್ಲಿ. ಕೊರೆಯುವಾಗ ಈ ಕೆರೆಯ ನೀರು ಬಸಿದು ಹೋಯಿತು. ಜೋರು ಮಳೆಗಾಲ ಆದರೆ ಕೆಲವು ದಿನ ಮತ್ತೆ ತುಂಬುತ್ತಂತೆ. ಮೇಲೆ ಒಂದು ಕಡೆ ಊರಿದ್ದಲ್ಲಿ ಕೆರೆ, ಇಲ್ಲಿ ಕೆರೆಯಿದ್ದಲ್ಲಿ ಜೊಂಡು. ನಾನು ಸೈಕಲ್ ನಿಲ್ಲಿಸಿ ಈ ಬಯಲಿನದ್ದೂ ಒಂದು ಫೋಟೋ ತೆಗೆದೆ. ಅದಕ್ಕೆ ಇಲ್ಲಿಯವರೆಗೆ ಒಂಬತ್ತು ಲೈಕು.

ಆಮೇಲೆ ಸಣ್ಣದೊಂದು ಏರು, ತಿರುವು, ಕೆಳಗೆ ಗಾರ್ಡಾ. ಇಟಲಿಯ ಅತಿ ದೊಡ್ಡ ಸರೋವರ, 370 ಚದರ ಕಿ.ಮೀ. ಹಿಮನದಿ ಕೊರೆದು ಮಾಡಿದ್ದು, ಯಾರನ್ನೂ ಎಬ್ಬಿಸಿ ಕಳಿಸಿ ತುಂಬಿಸಿದ್ದಲ್ಲ. ಟೊರ್ಬೊಲೆಯ ದಂಡೆಯಲ್ಲಿ ಶೂ ಬಿಚ್ಚಿ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದಾಗ ಅಮ್ಮನ ಫೋನ್ ಬಂತು. ನಾಲ್ಕು ದಿನದ ಹಿಂದೆ ಕಳಿಸಿದ ಗೋಪುರದ ಫೋಟೋ ಅವತ್ತು ನೋಡಿದ್ದರು. ಊಟ ಆಯ್ತಾ, ಕಾಲು ನೋವಾ ಅಂತ ಏನೂ ಇಲ್ಲ.

"ಬೇಸಿಗೇಲಿ ಅಲ್ಲಿ ನೀರು ಇಳೀತದಾ?"

ಇಲ್ಲಿ ಬೇಸಿಗೆಗೇ ತುಂಬೋದಮ್ಮ, ಹಿಮ ಕರಗಿ ಬರುತ್ತಲ್ಲ, ಅಂದೆ. ಇಳಿಯೋದು ಚಳಿಗಾಲ ಕಳೀತಾ, ಮಾರ್ಚ್ ಏಪ್ರಿಲ್ ಹೊತ್ತಿಗೆ. 2021ರಲ್ಲಿ ರಿಪೇರಿಗೆ ಅಂತ ನೀರು ಇಳಿಸಿದಾಗ ಹಳೇ ಊರಿನ ಗೋಡೆ, ಮೆಟ್ಟಿಲು ಎಲ್ಲ ಕಂಡಿತ್ತಂತೆ ಅಂತಲೂ ಹೇಳಿದೆ. ನಮ್ಮ ಕಡೆ ಕಡುಬೇಸಿಗೆಯಲ್ಲಿ ಮಡೆನೂರಿನ ಹಳೇ ಡ್ಯಾಮು ಎದ್ದು ಕಾಣುತ್ತಲ್ಲ, ಹಾಗೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಂಗಾದ್ರೆ ಆಗ ಹೋಗ್ಬೇಕಿತ್ತು ಮಾರಾಯ್ತಿ ನೀನು. ಈಗ ಹೋಗಿ ಎಂತ ನೋಡಿದೆ?"